ತುಂಡು ಕಾರ್ಪೆಟ್ಟಿಗೆ ಅಂಚು ಹೊಲಿಯುವ ಅಂಚಿನಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀರಿನ ಟ್ಯಾಂಕಿನ ಹಿಂದಿನ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ, ಹಾಸಿದ ಕಾರ್ಪೆಟ್ಟನ್ನು ಓರೆಯಾಗಿ ನೋಡುತ್ತಿದ್ದಾರೆ. ತೆರೆದ ಬಾಗಿಲಿನಿಂದ ಮೊದಲ ಬಿಸಿಲು ಒಳಗೆ ಬರಬೇಕು. "ಮಧ್ಯಾಹ್ನದ ಬೆಳಕು ತಪ್ಪನ್ನೆಲ್ಲ ಮುಚ್ಚಿ ಹಾಕುತ್ತೆ. ಬೆಳಗಿನ ಬಿಸಿಲಿಗೆ ದಾಕ್ಷಿಣ್ಯ ಇಲ್ಲ" ಅನ್ನುತ್ತಾರೆ.

ಓಣಿಯವರಿಗೆ ಇವರು ಅಂಚಿನಕ್ಕ. ವಯಸ್ಸು ಐವತ್ತೆರಡು. ಕಾರ್ಪೆಟ್ ಅಂಗಡಿಯಲ್ಲಿ ಕೋಣೆಯ ಅಳತೆಗೆ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳನ್ನು ತಂದು ಜೋಡಿಸುತ್ತಾರೆ, ಸುತ್ತ ಬಟ್ಟೆಯ ಪಟ್ಟಿ ಹೊಲಿಯುತ್ತಾರೆ, ಎರಡು ತುದಿಗೆ ಕುಚ್ಚು ಹಚ್ಚುತ್ತಾರೆ. ಹೊಸ ಕಾರ್ಪೆಟ್ಟಿನ ಬೆಲೆ ಕೇಳಿ ಅಂಗಡಿಯ ಮೆಟ್ಟಿಲಿಳಿದವರು ನೇರವಾಗಿ ಬರುವುದು ಈ ಬಾಗಿಲಿಗೆ. ದಿನಕ್ಕೆ ಮೂವತ್ತು ಅಡಿ ಅಂಚು, ವಾರಕ್ಕೊಂದು ಮುರಿದ ದಬ್ಬಳ. ಕುಚ್ಚಿನ ಕೆಲಸ ಮಾತ್ರ ಎಪ್ಪತ್ತೆಂಟರ ಅತ್ತೆಯದು. ಹೊಸ್ತಿಲ ಪಕ್ಕ ಕಾಲು ಚಾಚಿ ಕೂತು, ನಾಲ್ಕು ಬೆರಳಿಗೆ ನೂಲು ಸುತ್ತಿ, ದಿನಕ್ಕೆ ನೂರು ಕುಚ್ಚು ಕಟ್ಟುತ್ತಾರೆ. ಕೈ ದಣಿದರೂ ಬಾಯಿ ದಣಿಯುವುದಿಲ್ಲ.

ಅಂಚಿನಕ್ಕನ ಗಂಡ ಅದೇ ಅಂಗಡಿಯಲ್ಲಿ ಕಾರ್ಪೆಟ್ ಸುರುಳಿ ಹೊರುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅವರ ಬೆನ್ನು ಕೈಕೊಟ್ಟಿತು. ಪರಿಹಾರ ಕೇಳಲು ಹೋದ ಹೆಂಡತಿ ವಾಪಸು ಬಂದದ್ದು ಎರಡು ಮೂಟೆ ತುಂಡು ಹೊತ್ತುಕೊಂಡು. ಕೆಲಸ ಹಾಗೆ ಶುರುವಾಯಿತು.

ಮೊದಲ ವರ್ಷವೇ ಪೆಟ್ಟು ಬಿತ್ತು. ಕಾರ್ಪೆಟ್ಟಿನ ಎಳೆಗಳು ಬೆಕ್ಕಿನ ಬೆನ್ನಿನ ಕೂದಲಿನಂತೆ ಒಂದೇ ಕಡೆಗೆ ಮಲಗಿರುತ್ತವೆ. ಒಂದು ತುಂಡು ತಿರುಗುಮುರುಗಾದರೂ ಸಾಕು, ಓರೆ ಬೆಳಕಿಗೆ ಅದು ಬೇರೆ ಬಣ್ಣವಾಗಿ ಕಾಣುತ್ತದೆ. ದೀಪದಡಿ ಹೊಲಿದ ಅಂಚಿನಕ್ಕನಿಗೆ ಅದು ತಿಳಿಯಲಿಲ್ಲ. ಕೊಂಡವರು ಸುರುಳಿ ಸುತ್ತಿಕೊಂಡು ಹೋಗಿ ಅಂಗಡಿಯವರ ಮುಂದೆಯೇ ಹಾಸಿದರು. "ಇನ್ನೊಂದು ದೂರು ಬಂದರೆ ತುಂಡೆಲ್ಲ ಕಸದ ಗಾಡಿಗೆ" ಎಂದರು ಮಾಲೀಕರು. ಆ ಮಾತು ಇವತ್ತಿಗೂ ತಲೆಯ ಮೇಲೆ ಹಾಗೇ ತೂಗುತ್ತಿದೆ.

ಈಗ ಪ್ರತಿ ತುಂಡಿನ ಬೆನ್ನಿಗೂ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕುತ್ತಾರೆ. ಇವತ್ತು ಹಾಸಿರುವ ಆರು ತುಂಡುಗಳಲ್ಲಿ ಒಂದರ ಬಾಣ ಅಳಿಸಿಹೋಗಿತ್ತು. ಬಿಸಿಲು ಹೊಸ್ತಿಲು ದಾಟುತ್ತಿದ್ದಂತೆ ಮೂಲೆಯ ತುಂಡು ನೀರು ಚೆಲ್ಲಿದಂತೆ ಕಪ್ಪಗಾಗುತ್ತದೆ.

"ಅತ್ತೆ, ಮೂಲೇದು ತಿರುಗಿದೆ."

"ತಿರುಗಲಿ ಬಿಡೇ. ತಲೆ ತಗ್ಗಿಸಿ ನಡೆಯೋರು ಈಗ ಯಾರಿದಾರೆ? ಯಾರ ಕಣ್ಣಿಗೂ ಬೀಳಲ್ಲ."

"ಅಂಗಡಿಯವರ ಕಣ್ಣಿಗೆ ಬಿದ್ರೆ, ಆಮೇಲೆ ನಾವಿಬ್ರೂ ಕೂತು ನೆಲ ನೋಡ್ತಿರಬೇಕು."

ಇದು ಸ್ಕೂಲ್ ವ್ಯಾನ್ ಡ್ರೈವರ್ ಮನೆಯ ನೆಲಹಾಸು. ಅವರ ಎಂಟು ತಿಂಗಳ ಮಗಳು ಸಿಮೆಂಟು ನೆಲದಲ್ಲಿ ಅಂಬೆಗಾಲಿಟ್ಟು ಮೊಣಕಾಲು ತರಚಿಕೊಂಡಿದ್ದಾಳೆ. ಡ್ರೈವರ್ ಮಕ್ಕಳನ್ನು ಶಾಲೆಗೆ ಬಿಟ್ಟು, ಹೆಂಡತಿ ಮಗುವನ್ನು ಕರೆದುಕೊಂಡು ಹತ್ತು ಗಂಟೆಗೆ ಬರುತ್ತಾರೆ. ಮೂಲೆಯ ತುಂಡು ತಿರುಗಿಸಬೇಕಾದರೆ ಅಂಚು ಬಿಚ್ಚಬೇಕು, ಆ ತುದಿಯ ಕುಚ್ಚುಗಳನ್ನೂ ಬಿಚ್ಚಬೇಕು. ಅಂಚಿನಕ್ಕ ಬಿಚ್ಚಲು ಕೂರುತ್ತಾರೆ. ತಾವು ಕಟ್ಟಿದ ಕುಚ್ಚು ಒಂದೊಂದಾಗಿ ತಟ್ಟೆಗೆ ಬೀಳುವುದನ್ನು ಅತ್ತೆ ಮುಖ ಗಂಟಿಕ್ಕಿ ನೋಡುತ್ತಾರೆ.

ಹತ್ತಕ್ಕೆ ವ್ಯಾನ್ ಬಂದು ನಿಂತಾಗ ತುಂಡು ಸರಿಯಾಗಿ ಕೂತಿದೆ, ಅಂಚೂ ಆಗಿದೆ. ಒಂದು ತುದಿ ಮಾತ್ರ ಬೋಳು. "ಅರ್ಧ ಗಂಟೆ ಕೊಡಿ ತಮ್ಮಾ, ಕುಚ್ಚು ಹಚ್ಚಿ ಕೊಡ್ತೀನಿ" ಎನ್ನುತ್ತಾರೆ ಅಂಚಿನಕ್ಕ. ಡ್ರೈವರ್‌ನ ಹೆಂಡತಿ ಬಗ್ಗಿ ಆ ಕಡೆ ಈ ಕಡೆ ನೋಡಿ, ಅಂಗೈಯಿಂದ ಸವರಿ, "ಒಂದೇ ಕಾರ್ಪೆಟ್ ಇದ್ದಂಗಿದೆ ಅಕ್ಕಾ" ಎಂದು ಮಗುವನ್ನು ಅದರ ಮೇಲೆ ಬಿಡುತ್ತಾಳೆ. ಅಂಚಿನಕ್ಕನ ಹೆಗಲು ಸಡಿಲವಾಗುತ್ತದೆ.

ಮಗು ಸರಸರನೆ ಕುಚ್ಚಿದ್ದ ತುದಿಗೆ ಹೋಗಿ, ಒಂದನ್ನು ಹಿಡಿದು ಬಾಯಿಗೆ ತುಂಬಿಕೊಳ್ಳುತ್ತದೆ. ಎಳೆಯೊಂದು ಗಂಟಲಿಗೆ ತಾಗಿ ಕೆಮ್ಮು ಬರುತ್ತದೆ. ತಾಯಿ ಬೆರಳು ಹಾಕಿ ತೆಗೆಯುತ್ತಾಳೆ.

ಮೊದಲು ಬಾಯಿ ಬಿಡುವವರು ಅತ್ತೆಯೇ. "ಕತ್ತರಿ ತಾರೇ. ಆರು ಮೊಮ್ಮಕ್ಕಳನ್ನ ಎತ್ತಿ ಆಡಿಸಿದ ಕೈ ಇದು, ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ." ಗಂಟಿಗೆ ಪೆಟ್ಟಾಗದಂತೆ ಹೊಲಿಗೆಯ ದಾರವನ್ನಷ್ಟೇ ಕತ್ತರಿಸಿ, ಉಳಿದ ತುದಿಯ ಕುಚ್ಚುಗಳನ್ನೂ ತಾವೇ ಬಿಡಿಸುತ್ತಾರೆ. ತಟ್ಟೆಯಲ್ಲಿದ್ದವನ್ನೂ ಸೇರಿಸಿ ಹಳೆಯ ಬಿಸ್ಕತ್ ಡಬ್ಬಿಗೆ ಹಾಕಿ ಮುಚ್ಚುತ್ತಾರೆ. "ಇದು ನಿನ್ನ ಮಗಳ ಡಬ್ಬಿ ಕಣಮ್ಮ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋದು ಬಿಡಲಿ, ಆಮೇಲೆ ಹಚ್ಚಿ ಕೊಡ್ತೀವಿ."

ವ್ಯಾನ್ ಹೊರಟ ಮೇಲೆ ಅಂಚಿನಕ್ಕ ಡಬ್ಬಿಯನ್ನು ಗೋಡೆಯ ಗೂಡಿನಲ್ಲಿ ಇಡುತ್ತಾರೆ. ಬಾಳಿನಲ್ಲಿ ಇನ್ನೇನು ಬೇಕು ಅಂತ ಕೇಳಿದರೆ ಬಹಳ ಹೊತ್ತು ಯೋಚಿಸುವುದಿಲ್ಲ.

"ಆ ಮಗು ನಡ್ಕೊಂಡು ಬರಲಿ. ಬರೋವಾಗ ನಮ್ಮತ್ತೆ ಇಲ್ಲೇ ಕೂತಿರಲಿ, ಅಷ್ಟೇ."

"ಇನ್ನೆಲ್ಲಿಗೆ ಹೋಗಲಿ?" ಹೊಸ್ತಿಲಿನಿಂದ ಉತ್ತರ ಬರುತ್ತದೆ. "ನೀನು ಹಾಕೋ ಗಂಟು ನೋಡಿದ್ರೆ, ಕುಚ್ಚನ್ನ ನಿನ್ನ ಕೈಗೆ ಬಿಟ್ಟು ಹೋಗೋಕೆ ಧೈರ್ಯ ಬರುತ್ತಾ?"