ಪದಕದ ತಟ್ಟೆ ಹಿಡಿದಾಕೆ

ರಸಾಯನಶಾಸ್ತ್ರಜ್ಞರ ಸಂಘದಲ್ಲಿ ಆಕೆಯನ್ನು ಎದುರಿಗೆ ‘ಮೇಡಂ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ತಟ್ಟೆಯಕ್ಕ’. ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಇಟ್ಟದ್ದು ಮಾತ್ರ ಸರಿಯಾಗಿಯೇ ಇತ್ತು. ಸಂಘ ವರ್ಷಕ್ಕೊಮ್ಮೆ ಒಬ್ಬ ರಸಾಯನಶಾಸ್ತ್ರಜ್ಞರಿಗೆ ಪದಕ ಕೊಡುತ್ತದೆ. ಅದನ್ನು ನೀಲಿ ಮಖಮಲ್ಲು ಹಾಸಿದ ತಟ್ಟೆಯಲ್ಲಿಟ್ಟುಕೊಂಡು ವೇದಿಕೆಯ ಬದಿಯಲ್ಲಿ ನಿಲ್ಲುವುದು ಕಾರ್ಯದರ್ಶಿಯ ಪಾಲಿನ ಕೆಲಸ. ಕಾರ್ಯದರ್ಶಿ ಆಕೆಯೇ. ಆ ಕತ್ತೆ ಚಾಕರಿಗೆ ಬೇರೆ ಯಾರೂ ಮುಂದೆ ಬರಲಿಲ್ಲ, ಆಕೆಯೂ ಬಿಡಲಿಲ್ಲ. ಹಾಗೇ ಅರ್ಧ ಆಯುಷ್ಯ ಕಳೆಯಿತು.

ಸಮಾರಂಭದಲ್ಲಿ ಒಂದು ಹಳೆಯ ರೂಢಿಯಿದೆ. ಹೊಸಬರು ಪದಕಕ್ಕಾಗಿ ವೇದಿಕೆ ಹತ್ತುವಾಗ, ಹಿಂದೆ ಪದಕ ಪಡೆದವರೆಲ್ಲ ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ಕೊರಳಿಗೆ ಪದಕ ಬಿದ್ದ ಮೇಲೆಯೇ ಕೂರುವುದು. ಅಷ್ಟು ಹೊತ್ತೂ ತಟ್ಟೆಯಕ್ಕ ವೇದಿಕೆಯ ಮೇಲೆ ನಿಂತೇ ಇರುತ್ತಿದ್ದಳು, ಕೈಯಲ್ಲಿ ತಟ್ಟೆ ಇದ್ದ ಕಾರಣಕ್ಕೆ.

ಆಕೆಗೆ ಅನ್ನ ಹಾಕುತ್ತಿದ್ದದ್ದು ನೀರು ಪರೀಕ್ಷೆಯ ಪ್ರಯೋಗಾಲಯ. ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ದೊಡ್ಡವರ ಮೂಳೆ ಕೆಡುತ್ತದೆ. ಅದನ್ನು ಕಂಡುಹಿಡಿಯುವ ಕೆಂಪು ಕಾಗದದ ಪಟ್ಟಿ ಮೊದಲೂ ಇತ್ತು, ಅಂಥ ನೀರಿಗೆ ಅದ್ದಿದರೆ ಹಳದಿಯಾಗುತ್ತಿತ್ತು. ಆದರೆ ಬೇಸಿಗೆ ಬಂತೆಂದರೆ ಪಟ್ಟಿ ಡಬ್ಬಿಯೊಳಗೇ ಬಣ್ಣಗೆಟ್ಟು, ಒಳ್ಳೆಯ ನೀರಿನ ಮೇಲೂ ಇಲ್ಲದ ಗೂಬೆ ಕೂರಿಸುತ್ತಿತ್ತು. ಆಕೆ ವರ್ಷಗಟ್ಟಲೆ ಪಟ್ಟು ಹಿಡಿದು ಕೂತಳು. ಕಾಗದ ಬದಲಿಸಿದಳು, ಆಮ್ಲ ಬದಲಿಸಿದಳು, ಒಣಗಿಸುವ ರೀತಿ ಬದಲಿಸಿದಳು, ಕೊನೆಗೆ ಸೆಕೆಗೆ ಜಗ್ಗದ ಪಟ್ಟಿ ಮಾಡಿಯೇ ಬಿಟ್ಟಳು. ಈಗ ಅದು ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಡಬ್ಬಿಯ ಮೇಲೆ ಕಂಪನಿಯ ಹೆಸರಿದೆ, ತಂಪಿನಲ್ಲಿ ಇಡಬೇಕಾಗಿಲ್ಲ ಎಂಬ ಸಾಲಿದೆ. ಅಂಗಡಿಗೆ ಹೋದಾಗಲೆಲ್ಲ ಆಕೆ ಡಬ್ಬಿ ತಿರುಗಿಸಿ ಆ ಸಾಲು ಓದಿ, ಮತ್ತೆ ಇದ್ದಲ್ಲೇ ಇಡುತ್ತಿದ್ದಳು.

ಪದಕದ ಆಸೆ ಇತ್ತೇ? ಇತ್ತು. ಇಲ್ಲ ಎಂದು ದೊಡ್ಡತನ ತೋರಿಸುವುದೇಕೆ? ಆಸೆಪಡಲು ಆಕೆಗೆ ಬೇರೆ ಹೆಚ್ಚೇನೂ ಇರಲಿಲ್ಲ. ತಮ್ಮನ ಮನೆಯ ಕೆಳಗಿನ ಎರಡು ಕೋಣೆ ಆಕೆಯದು. ಮೇಲೆ ಮಕ್ಕಳು ನಕ್ಕರೆ ರೇಡಿಯೋ ಸಣ್ಣಗೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು. ತಮ್ಮನ ಹೆಂಡತಿ ಮೆಟ್ಟಿಲ ಮೇಲಿನಿಂದಲೇ “ಅತ್ತಿಗೆ, ಊಟ ಆಯ್ತಾ?” ಎಂದು ಕೂಗುವುದು, ಈಕೆ “ಆಯ್ತು” ಎನ್ನುವುದು. ಆಗಿರಲಿ ಬಿಡಲಿ, ಉತ್ತರ ಅದೇ.

ಸಂಘದ ನಿಯಮದಂತೆ ತನ್ನ ಹೆಸರನ್ನು ತಾನೇ ಸೂಚಿಸುವಂತಿಲ್ಲ, ಇನ್ನೊಬ್ಬ ಸದಸ್ಯರು ಬರೆದು ಕೊಡಬೇಕು. ಪದಕ ಕೆಲಸದಲ್ಲಿ ಇರುವವರಿಗೆ ಮಾತ್ರ, ಕಾರ್ಯದರ್ಶಿಯ ಸ್ಥಾನವೂ ಅಷ್ಟೇ. ಬೇರೆಯವರನ್ನು ಹೊಗಳಿ ಬರೆಯುವುದರಲ್ಲಂತೂ ಆಕೆಯದು ಎತ್ತಿದ ಕೈ. ಬಣ್ಣದ ಮೇಷ್ಟ್ರಿಗೆ ಪದಕ ಬಂದದ್ದು ಆಕೆ ಬರೆದದ್ದರಿಂದಲೇ. ಕಾಲೇಜಿನಲ್ಲಿ ಬಟ್ಟೆಬಣ್ಣಗಳ ರಸಾಯನ ಕಲಿಸುವ ಈ ಮೇಷ್ಟ್ರು ಆಕೆಯ ಸಹಪಾಠಿ. ಇವರಾದರೂ ಒಂದು ವರ್ಷ ತನಗಾಗಿ ಬರೆದಾರು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಾಯುತ್ತ ಕಾಯುತ್ತ ನಿವೃತ್ತಿಯ ವರ್ಷ ಬಂತು. ಈ ಸಲ ತಪ್ಪಿದರೆ ಶಾಶ್ವತವಾಗಿ ತಪ್ಪಿದಂತೆ.

ಹೆಸರು ಸೂಚಿಸಲು ಕೊನೆಯ ದಿನ. ಗಾಜಿನ ಸಾಮಾನಿನ ಅಂಗಡಿಯ ಮೇಲಿನ ಸಂಘದ ಕೋಣೆಯಲ್ಲಿ ಆಕೆ ಒಬ್ಬಳೇ ಇದ್ದಳು. ಸಂಜೆಯಾಗಿ, ಕಿಟಕಿ ಮುಚ್ಚಲು ಎದ್ದಾಗ ಮೇಷ್ಟ್ರು ಏದುಸಿರು ಬಿಡುತ್ತ ಒಳಗೆ ಬಂದರು.

“ಅಬ್ಬಾ, ಸದ್ಯ ಬಾಗಿಲು ಹಾಕಿಲ್ಲ! ಈ ಸಲ ನಾನೇ ಬರೆದಿದೀನಿ ಮೇಡಂ. ಎಷ್ಟು ವರ್ಷದಿಂದ ಬರೀಬೇಕು ಅಂತಿದ್ದೆ ಗೊತ್ತಾ?” ಎಂದು ಲಕೋಟೆ ಚಾಚಿದರು.

ಆಕೆ ಕಿಟಕಿ ಬಿಟ್ಟು ಬಂದು ಅದನ್ನು ತೆಗೆದುಕೊಂಡಳು. ಒಡೆಯುವಾಗ ಲಕೋಟೆಯ ಅಂಚು ಓರೆಯಾಗಿ ಹರಿಯಿತು. ಒಳಗಿದ್ದದ್ದು ಸಾಬೂನು ಕಾರ್ಖಾನೆಯಲ್ಲಿರುವ ಅವರ ಶಿಷ್ಯನ ಹೆಸರು. ಗಡಸು ನೀರಿನಲ್ಲೂ ನೊರೆ ಬರುವ ಸಾಬೂನು ಮಾಡಿದವನಂತೆ. ಒಳ್ಳೆಯ ಕೆಲಸವೇ, ಕೊಂಕು ತೆಗೆಯುವಂತಿರಲಿಲ್ಲ.

ಆಕೆ ತಮಾಷೆಯ ದನಿ ತಂದುಕೊಂಡು ಕೇಳಿದಳು: “ಅಲ್ಲ ಮೇಷ್ಟ್ರೇ, ನನ್ನ ಹೆಸರು ಬರೀಬೇಕು ಅಂತ ಯಾವತ್ತೂ ಅನ್ನಿಸ್ಲಿಲ್ವಾ?”

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. “ನಿಮಗೆ ಬಂದು ಯಾವ ಕಾಲ ಆಯ್ತು! ಇನ್ನೊಂದು ಬೇಕಾ? ಒಬ್ರಿಗೆ ಒಂದೇ ಸಲ ಅಂತ ನಮಗೆಲ್ಲ ಪಾಠ ಹೇಳೋರು ನೀವೇ ಅಲ್ವೇನ್ರೀ!”

ಅವರು ಗೋಡೆಯ ಕಡೆ ಕೈ ತೋರಿಸಿದರು. ಗೋಡೆಯ ತುಂಬ ಸಮಾರಂಭದ ಫೋಟೋಗಳು. ಪ್ರತಿಯೊಂದರಲ್ಲೂ ಆಕೆ ಇದ್ದಳು, ಪ್ರತಿಯೊಂದರಲ್ಲೂ ಆಕೆಯ ಕೈಯಲ್ಲಿ ಪದಕ ಇತ್ತು. ಪದಕ ಪಡೆದವರು ಎದ್ದಾಗ ಪ್ರತಿ ವರ್ಷ ತಾನೂ ನಿಂತೇ ಕಂಡವಳನ್ನು ಜನ ಪದಕದವಳೆಂದೇ ಲೆಕ್ಕಕ್ಕೆ ಹಿಡಿದಿದ್ದರು. ಯಾರಿಗೂ ಆಕೆಯ ಮೇಲೆ ಹಗೆ ಇರಲಿಲ್ಲ. ಹಗೆ ಇದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಹೇಳಬಹುದಿತ್ತು. ‘ಇಲ್ಲ, ನನಗೆ ಬಂದಿಲ್ಲ’ ಎಂದರೆ ಮೇಷ್ಟ್ರು ಹಣೆ ಚಚ್ಚಿಕೊಂಡು ಅಲ್ಲೇ ಕೂತು ಬರೆದುಕೊಡುತ್ತಿದ್ದರು, ಸಮಯವೂ ಇತ್ತು. ಆದರೆ ತಾನೇ ಬಾಯಿಬಿಟ್ಟು ಕೇಳಿ ಪಡೆದ ಪದಕವನ್ನು ಮನೆಗೆ ಒಯ್ದು ಯಾವ ಗೋಡೆಗೆ ತೂಗುಹಾಕುವುದು? ಆಕೆ ಲಕೋಟೆಯ ಮೇಲೆ ಸಂಘದ ಮೊಹರು ಒತ್ತಿದಳು. ಮೇಷ್ಟ್ರು ನಗುನಗುತ್ತಲೇ ಮೆಟ್ಟಿಲಿಳಿದರು.

ಪದಕ ಸಾಬೂನಿನವನಿಗೇ ಬಂತು. ಸಮಾರಂಭದ ಹೊತ್ತಿಗೆ ಆಕೆ ನಿವೃತ್ತಳು, ಕಾರ್ಯದರ್ಶಿಯ ಜಾಗಕ್ಕೆ ಚುರುಕಾದ ಹೊಸ ಹುಡುಗಿ ಬಂದಿದ್ದಳು. ಮೊದಲ ಸಲ ತಟ್ಟೆಯಕ್ಕ ಸಭೆಯಲ್ಲಿ, ಕುರ್ಚಿಯಲ್ಲಿ, ಬರಿಗೈಯಲ್ಲಿ ಕೂತಳು. ಪಕ್ಕದಲ್ಲಿ ಮೇಷ್ಟ್ರು.

“ಹಿಂದೆ ಪದಕ ಪಡೆದವರು ದಯವಿಟ್ಟು ಎದ್ದು ನಿಲ್ಲಬೇಕು” ಎಂದಳು ಹೊಸ ಕಾರ್ಯದರ್ಶಿ.

ಅಲ್ಲಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಮೇಷ್ಟ್ರು ಎದ್ದರು. ತಟ್ಟೆಯಕ್ಕ ಏಳಲಿಲ್ಲ. ಹಿಂದಿನ ಸಾಲಿನವರು ಭುಜ ಮುಟ್ಟಿ “ಏಳಿ ಮೇಡಂ” ಎಂದರು. ಎದ್ದು ನಿಂತರೆ ಯಾರೂ ಬೇಡವೆನ್ನುತ್ತಿರಲಿಲ್ಲ, ಆ ಒಂದು ಗಳಿಗೆ ಪುಕ್ಕಟೆಯಾಗಿ ಆಕೆಯದಾಗುತ್ತಿತ್ತು. ಆಕೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತೇ ಇದ್ದಳು.

ಮೇಷ್ಟ್ರು ಬಗ್ಗಿದರು. “ಯಾಕ್ರೀ, ಮಂಡಿ ನೋವಾ?”

“ಇಲ್ಲ. ನನಗೆ ಪದಕ ಬಂದಿಲ್ಲ.”

“ಏನಂದ್ರಿ?”

“ಯಾವತ್ತೂ ಬಂದಿಲ್ಲ ಮೇಷ್ಟ್ರೇ.”

ಅಷ್ಟರಲ್ಲಿ ವೇದಿಕೆಯಿಂದ ಕಾರ್ಯದರ್ಶಿ ಇತ್ತ ನೋಡಿದಳು. ಒಳ್ಳೆಯ ಹುಡುಗಿ, ಮೈಕಿನಲ್ಲೇ ಹೇಳಿದಳು: “ನಮ್ಮ ಮೇಡಂ ಕೂತೇ ಇರಲಿ, ಅವರಿಗೆ ನಿಲ್ಲೋದು ಕಷ್ಟ ಆಗ್ತಿರಬಹುದು. ಅವರಿಗೂ ಒಂದು ಚಪ್ಪಾಳೆ!” ಸಭೆಯೆಲ್ಲ ಆಕೆಯ ಕಡೆ ತಿರುಗಿ ಮನಸಾರೆ ಚಪ್ಪಾಳೆ ತಟ್ಟಿತು. ಮೇಷ್ಟ್ರ ಕೈಗಳು ಮಾತ್ರ ಒಂದನ್ನೊಂದು ಮುಟ್ಟಲಿಲ್ಲ.

ಎಲ್ಲರೂ ಕೂತ ಮೇಲೆ ಅವರೂ ಕೂತರು. “ಅವತ್ತೇ ಹೇಳೋದಲ್ವಾ? ಅಲ್ಲೇ ಬರೀತಿದ್ದೆ.”

“ಬರೀತಿದ್ರಿ, ಗೊತ್ತು. ನಿಮಗೇ ಅನ್ನಿಸಿ ಬರೀಲಿ ಅಂತ ಆಸೆ ಇತ್ತು.”

ವೇದಿಕೆಯ ಮೇಲೆ ಖಾಲಿ ತಟ್ಟೆಯ ಮಖಮಲ್ಲಿನಲ್ಲಿ ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತು. ಬಟ್ಟೆಯನ್ನು ಮಗುಚಿ ಹಿಂಬದಿಯಿಂದ ಇಸ್ತ್ರಿ ಮಾಡಬೇಕು, ಆ ಹುಡುಗಿಗೆ ನಾಳೆ ಹೇಳಿಕೊಡಬೇಕು ಎಂದುಕೊಂಡಳು ತಟ್ಟೆಯಕ್ಕ. ನಾಳೆ ತನಗೆ ಅಲ್ಲಿ ಕೆಲಸವಿಲ್ಲ ಎಂಬುದು ಆಮೇಲೆ ನೆನಪಾಯಿತು.