ಗುಬ್ಬಿಗೆ ಕಟ್ಟಿದ ರೇಷ್ಮೆ ಎಳೆ

ಹಿಂಗಾರಿ ಜೋಳ ಕೊಯ್ದ ಹೊಸತರಲ್ಲಿ ತೆನೆಗೆ ಒಂದು ವಾಸನೆ ಇರುತ್ತದೆ. ಪೂರ್ತಿ ಹಸಿಯೂ ಅಲ್ಲ, ಒಣಗಿದ್ದೂ ಅಲ್ಲ, ಸ್ವಲ್ಪ ಧೂಳು, ಸ್ವಲ್ಪ ಹಾಲು. ಹೋದ ವಾರ ಗುಡೂರಿನ ರೈತರೊಬ್ಬರು ಬಾಗಲಕೋಟೆಗೆ ಬಂದವರು ನವನಗರದ ನಮ್ಮ ಮನೆ ಹುಡುಕಿಕೊಂಡು ಬಂದು ಒಂದು ಕಟ್ಟು ತೆನೆ ಇಟ್ಟು ಹೋದರು. ಎಷ್ಟೋ ವರ್ಷದ ಹಿಂದೆ ಅವರ ಎಮ್ಮೆ ಈಯಲಾರದೆ ಒದ್ದಾಡಿದಾಗ ನಾನು ಹೋಗಿದ್ದೆನಂತೆ. ನನಗೆ ಆ ಎಮ್ಮೆಯೂ ನೆನಪಿಲ್ಲ, ಆ ರೈತರೂ ನೆನಪಿಲ್ಲ. ಆದರೆ ಕಟ್ಟು ಬಿಚ್ಚಿದ ಕೂಡಲೇ ಎದ್ದ ವಾಸನೆಗೆ ಇಳಕಲ್ಲಿನ ಒಂದು ಹಿತ್ತಲು ಕಣ್ಣ ಮುಂದೆ ಬಂತು... ಬೇವಿನ ಗಿಡ, ಮಣ್ಣಿನ ಗೋಡೆ, ಗೋಡೆಗೆ ಬೆನ್ನು ಹಚ್ಚಿ ಕೂತ ಆಯಿ.

ಆಯಿ ನನಗೆ ಸಂಬಂಧಿಯಲ್ಲ. ನಾನು ಬಾಡಿಗೆಗಿದ್ದ ಮನೆಯ ಮಾಲಕನ ತಾಯಿ. ಅಜ್ಜಿಗೆ ನಮ್ಮ ಕಡೆ ಆಯಿ ಅನ್ನುತ್ತಾರೆ. ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಆಗ ನಾನು ಊರಿನ ದನದ ದವಾಖಾನೆಯಲ್ಲಿ ಕಂಪೌಂಡರ್. ಓಣಿಗೆ ಮಾತ್ರ ನಾನು ಡಾಕ್ಟರ್. ಅಲ್ಲರೀ, ನಾನು ಬರೀ ಔಷಧ ಕಲಸಿ ಕೊಡುವವನು ಎಂದು ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಮೂಲೆಯ ಚಹಾದ ಅಂಗಡಿಯವನು ಡಾಕ್ಟರಿಗೆ ಅಂತ ಗ್ಲಾಸು ಬಿಟ್ಟು ಕಪ್ಪು-ಬಸಿಯಲ್ಲಿ ಚಹಾ ಕೊಡುತ್ತಿದ್ದ. ಆ ಕಪ್ಪಿನ ರುಚಿ ನನಗೆ ಹತ್ತಿತ್ತು. ಸುಳ್ಳು ಹೇಳಿದವನಲ್ಲ ನಾನು, ಖರೆಯನ್ನೂ ಹೇಳಲಿಲ್ಲ ಅಷ್ಟೆ.

ಆಯಿ ನೇಕಾರರ ಮನೆಯಾಕೆ. ಇಳಕಲ್ ಸೀರೆಗೆ ಉದ್ದಕ್ಕೆ ಹಾಸುವ ಎಳೆಗಳಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ನೂಲಿಗೂ ಸೆರಗಿನ ಕೆಂಪು ರೇಷ್ಮೆಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೊಂಡಿ ಹಾಕುವುದರಲ್ಲೇ ಆಕೆಯ ಆಯುಷ್ಯ ಕಳೆದಿತ್ತು. ನಾನು ಹೋಗುವ ಹೊತ್ತಿಗೆ ಕಣ್ಣು ಮಂಜಾಗಿತ್ತು. ನೆಲದ ಕುಣಿಯೊಳಗೆ ಕಾಲಿಟ್ಟು ನೇಯುವ ಕುಣಿಮಗ್ಗ ಮುಚ್ಚಿ ಮುಂದಿನ ಖೋಲಿಯಲ್ಲಿ ಪವರ್‌ಲೂಮ್ ಕೂತಿತ್ತು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಹಾಲಲ್ಲಿ ರೊಟ್ಟಿ ನೆನೆಸಿ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರು. ಆಕೆಯ ಕೊರಗು ಬೇರೆ. ಕುಣಿಮಗ್ಗ ಇದ್ದ ಕಾಲಕ್ಕೆ ಮನೆಯ ಜಂತಿಯಲ್ಲೆಲ್ಲ ಗುಬ್ಬಿಗಳಿದ್ದವಂತೆ. ನೂಲಿಗೆ ಹಚ್ಚುವ ಗಂಜಿಯ ಅಗಳು ಹೆಕ್ಕುತ್ತ ಕಾಲಡಿಯಲ್ಲೇ ಓಡಾಡುತ್ತಿದ್ದವಂತೆ. ಪವರ್‌ಲೂಮಿನ ಖಟಖಟ ಶುರುವಾದ ಮೇಲೆ ಒಂದೂ ಉಳಿಯಲಿಲ್ಲ. ಕಣ್ಣು ಹೋದವಳಿಗೆ ಕಿವಿಗಾದರೂ ಏನಾದರೂ ಬೇಕಲ್ಲ... ಅದೇ ಇಲ್ಲವಾಗಿತ್ತು.

ಹೀಗಾಗಿ ಆಕೆ ಗುಬ್ಬಿಗಳನ್ನು ಮತ್ತೆ ಕರೆಸುವ ಹಟಕ್ಕೆ ಬಿದ್ದಿದ್ದಳು. ಹಿತ್ತಲ ಸೂರಿನ ಬಿದಿರಿಗೆ ಜೋಳದ ತೆನೆ ಕಟ್ಟಿ ತೂಗುಬಿಡುವುದು, ಒಡೆದ ಗಡಿಗೆಯ ಬುಡದಲ್ಲಿ ದಿನಾ ನೀರು ಬದಲಿಸುವುದು. ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಮಾಘದ ಚಳಿ ಮುಗಿಯುವ ಹೊತ್ತಿಗೆ ಒಂದು ಜೋಡಿ ಬಂತು. ಬಂದಿದ್ದಷ್ಟೇ ಅಲ್ಲ, ಹಿಂದಿನ ಗೋಡೆಯಲ್ಲಿ ಹಳೆಯ ತೊಲೆಯ ತುದಿ ಕೊಳೆತು ಬಿದ್ದಿದ್ದ ತೂತಿನೊಳಗೆ ಹುಲ್ಲು ಒಯ್ಯಲು ಶುರುಮಾಡಿತು. ಆ ದಿನ ನಾನು ದವಾಖಾನೆಯಿಂದ ಬರುವುದನ್ನೇ ಕಾದು ಕೂತಿದ್ದ ಆಯಿ ನನಗೆ ಸಕ್ಕರೆ ಕೊಟ್ಟಳು.

ಗುಬ್ಬಿಯ ಹಿಂದೆಯೇ ಇಣಚಿಗಳು ಬಂದವು. ಅಳಿಲಿಗೆ ನಾವು ಇಣಚಿ ಅನ್ನುತ್ತೇವೆ. ಬೇವಿನ ಗಿಡದಿಂದ ಸೂರಿಗೆ ಜಿಗಿದು, ಹಗ್ಗ ಹಿಡಿದು ತಲೆಕೆಳಗಾಗಿ ಇಳಿದು, ಇಡೀ ತೆನೆಯನ್ನೇ ಕಚ್ಚಿ ಉದುರಿಸಿ ಗಿಡದ ಬುಡದಲ್ಲಿ ಕೂತು ಸಾವಕಾಶ ತಿನ್ನುತ್ತಿದ್ದವು. ಅಷ್ಟು ಹೊತ್ತು ಗುಬ್ಬಿಗಳು ಗೋಡೆಯ ಮೇಲೆ ಕೂತು ಒದರುತ್ತಿದ್ದವು. ಗೂಡಿನೊಳಗೆ ಮೊಟ್ಟೆ ಬಿದ್ದರೆ ಇಣಚಿ ಅದನ್ನೂ ಬಿಡುವುದಿಲ್ಲ ಎಂಬುದು ಆಯಿಯ ಹೆದರಿಕೆ. ಆದರೆ ಅದನ್ನು ಹೊಡೆಯಲೂ ಆಕೆಗೆ ಮನಸ್ಸಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ರಾಮದೇವರು ಬೆನ್ನು ಸವರಿದ್ದಕ್ಕೆ ಇದಕ್ಕೆ ಇಷ್ಟು ಸೊಕ್ಕು ಎಂದು ಬೈಯುತ್ತಲೇ ಅದಕ್ಕೆ ಗಿಡದ ಬುಡದಲ್ಲಿ ಬೇರೆ ತಟ್ಟೆಯಲ್ಲಿ ಶೇಂಗಾ ಹಾಕಿದಳು. ಶೇಂಗಾ ತಿಂದು, ಬಾಯಿ ರುಚಿಗೆ ಅನ್ನುವಂತೆ ಮತ್ತೆ ತೆನೆಗೇ ಬಂದವು. ಹಗ್ಗಕ್ಕೆ ಜಾಲಿಮುಳ್ಳು ಕಟ್ಟಿದಳು, ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿಸಿ ನಡುವೆ ಪೋಣಿಸಿದಳು. ಒಂದು ದಿನ ತೆನೆಗೆ ಖಾರಪುಡಿ ಸವರಿಟ್ಟಳು. ಇಣಚಿ ಸೀನುತ್ತ ಓಡಿತು, ಮರುದಿನ ಹಾಜರ್. ವರ್ಷಕ್ಕಾಗುವ ಖಾರವೆಲ್ಲ ಇಣಚಿಗೇ ಹೋದೀತು ಎಂದು ಸೊಸೆ ಭರಣಿಯನ್ನು ಮೇಲಿನ ಮಾಡಕ್ಕೆ ಏರಿಸಿಟ್ಟಳು.

ಕಡೆಗೆ ಆಯಿಗೆ ಹೊಳೆದದ್ದು ನೇಕಾರರಿಗಷ್ಟೇ ಹೊಳೆಯುವ ಉಪಾಯ. ಹಗ್ಗ ಇದ್ದರೆ ತಾನೇ ಇಣಚಿ ಹಿಡಿದು ಇಳಿಯುವುದು? ಒಂದು ಮೊಳ ಉದ್ದದ ರೇಷ್ಮೆ ಎಳೆಗಳಲ್ಲಿ ತೆನೆ ತೂಗುಬಿಟ್ಟರೆ? ಅದು ಕಾಲಿಗೂ ಸಿಗದು, ಹಲ್ಲಿಗೂ ಸಿಗದು, ಭಾರಕ್ಕೆ ಹರಿಯುವುದೂ ಇಲ್ಲ. ಸೆರಗಿನ ಹಾಸಿನಲ್ಲಿ ಉಳಿದ ತುಂಡು ಎಳೆಗಳನ್ನು ಆಕೆ ವರ್ಷಗಟ್ಟಲೆ ಒಂದು ಚೀಲದಲ್ಲಿ ಕೂಡಿಟ್ಟಿದ್ದಳು. ಚೀಲ ಬಿಚ್ಚಿ, ಬೆರಳಿನಲ್ಲೇ ಎಳೆ ಹುಡುಕಿ, ನಾಲ್ಕಾರು ಎಳೆ ಸೇರಿಸಿ ಹೊಸೆದು ತೆನೆ ಕಟ್ಟುತ್ತಿದ್ದಳು. ನಾನು ಮೋಟರ್‌ಸೈಕಲ್ ಹೊರಗೆ ತಳ್ಳುತ್ತಿದ್ದೆ. ಮರೋಳದ ಕಡೆ ಆಕಳಿಗೆ ಇಂಜೆಕ್ಷನ್ ಮಾಡುವುದಿತ್ತು, ಹೊತ್ತಾಗಿತ್ತು.

"ಗುಬ್ಬಿಗೇನೂ ಆಗೂದಿಲ್ಲಲ್ರಿ, ಡಾಕ್ಟರ್ರ?" ಎಂದು ಕೇಳಿದಳು.

"ಏನಾಗೂದಿಲ್ಲ ಬಿಡ್ರಿ ಆಯಿ" ಅಂದೆ, ಗಾಡಿಗೆ ಕಿಕ್ ಹೊಡೆಯುತ್ತ.

ನನಗೆ ಗುಬ್ಬಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಎಮ್ಮೆ, ಆಕಳು, ಆಡು, ಹೆಚ್ಚೆಂದರೆ ಕೋಳಿ. ಆದರೆ ಡಾಕ್ಟರ್ ಅಂದಮೇಲೆ ಗೊತ್ತಿಲ್ಲ ಅನ್ನಲಿಕ್ಕೆ ನಾಲಿಗೆ ಏಳುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು.

ಉಪಾಯ ಫಲಿಸಿತು. ಇಣಚಿ ಬಿದಿರಿನ ಮೇಲೆ ಬಂದು, ಎಳೆಗೆ ಕೈಯಿಟ್ಟು, ಜಾರಿ, ಬಾಲ ಕುಣಿಸಿ ಬೈದು ಹಿಂದೆ ಹೋಯಿತು. ನಾನು ನೋಡಿದ್ದನ್ನೆಲ್ಲ ಹೇಳಿದರೆ ಆಯಿ ಕೂತಲ್ಲೇ ಬೊಚ್ಚುಬಾಯಿ ತೆರೆದು ನಕ್ಕಳು. ಸೊಸೆಗೂ ಸಮಾಧಾನವಾಗಿ ಖಾರದ ಭರಣಿ ಕೆಳಗಿಳಿಯಿತು. ಕೆಲವು ದಿನ ಕಳೆದ ಮೇಲೆ ಇನ್ನೊಂದು ಕಂಡಿತು. ಗುಬ್ಬಿಗಳು ತೆನೆ ತಿಂದಾದ ಮೇಲೆ ಗಂಟಿನ ಕೆಳಗೆ ಇಳಿಬಿದ್ದ ರೇಷ್ಮೆಯ ಚುಂಗನ್ನು ಜಗ್ಗಿ ಜಗ್ಗಿ ಕಿತ್ತು ಗೂಡಿಗೆ ಒಯ್ಯುತ್ತಿದ್ದವು. ತೂತಿನಿಂದ ಕೆಂಪು ಎಳೆಯೊಂದು ಹೊರಗೆ ಇಣುಕುತ್ತಿತ್ತು. ನಿಮ್ಮ ಗುಬ್ಬಿಗಳು ಇಳಕಲ್ ಸೀರೆ ಉಡುತ್ತಿವೆ ಎಂದು ಚೇಷ್ಟೆ ಮಾಡಿದೆ. ಆಯಿಗೆ ಅದು ಎಷ್ಟು ಸೇರಿತೆಂದರೆ ಮರುದಿನದಿಂದ ಬೇಕಂತಲೇ ಚುಂಗು ಉದ್ದ ಬಿಡತೊಡಗಿದಳು. ಅದನ್ನು ನೆನೆಸಿದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮೊಟ್ಟೆ ಒಡೆದು ಮರಿಗಳು ಬಂದವು. ಆಯಿ ಅವುಗಳ ದನಿ ಕೇಳಿಯೇ ಮೂರು ಅಂದಳು. ದಿನದಿನಕ್ಕೆ ದನಿ ದೊಡ್ಡದಾಗುತ್ತಿದೆ, ಇನ್ನೆರಡು ದಿನಕ್ಕೆ ಹಾರುತ್ತವೆ ಎಂದು ಲೆಕ್ಕ ಹಾಕುತ್ತಿದ್ದಳು. ಒಂದು ಮುಂಜಾನೆ ನಾನು ಹಲ್ಲು ತಿಕ್ಕುತ್ತಿರುವಾಗ ಬಾಗಿಲಿಗೆ ಬಂದು ನಿಂತಳು. ದನಿ ಬೇರೆಯಾಗಿದೆ, ಬಂದು ನೋಡಿ ಅಂದಳು.

ತೂತಿನ ಹೊರಗೆ ಒಂದು ಮರಿ ತಲೆಕೆಳಗಾಗಿ ತೂಗುತ್ತಿತ್ತು. ಕಾಲಿಗೆ ಕೆಂಪು ಎಳೆ. ರೆಕ್ಕೆ ಬಡಿಯುತ್ತಿತ್ತು, ನಿಲ್ಲಿಸುತ್ತಿತ್ತು. ತಾಯಿಗುಬ್ಬಿ ಬಾಯಲ್ಲಿ ಹುಳ ಹಿಡಿದು ಅದರ ಸುತ್ತಲೇ ಹಾರುತ್ತಿತ್ತು. ನಿಚ್ಚಣಿಕೆ ಹಚ್ಚಿ ಏರಿ ನೋಡಿದೆ. ಉಳಿದೆರಡೂ ಒಳಗೇ ಸಿಕ್ಕಿಕೊಂಡಿದ್ದವು. ಮೂರರ ಕಾಲುಗಳೂ ಒಂದೇ ಎಳೆಯಲ್ಲಿ ಸುತ್ತಿಕೊಂಡು, ಮರಿ ಬೆಳೆದಂತೆ ಎಳೆ ಬಿಗಿದು ಮಾಂಸಕ್ಕೆ ಇಳಿದಿತ್ತು. ಒಳಗಿದ್ದ ಒಂದು ಆಗಲೇ ತಣ್ಣಗಾಗಿತ್ತು. ಗೂಡಿನ ಸಮೇತ ಎಲ್ಲವನ್ನೂ ಟವೆಲ್ಲಿನಲ್ಲಿ ಇಳಿಸಿ ಆಯಿಯ ಮಡಿಲಲ್ಲಿಟ್ಟೆ.

ಮನೆಯೊಳಗಿಂದ ನನ್ನ ಕೈಚೀಲ ತಂದೆ. ಅದರಲ್ಲಿದ್ದದ್ದು ದನದ ಇಕ್ಕಳ, ದನದ ಕತ್ತರಿ. ಮರಿಯ ಕಾಲು ಜೋಳದ ದಂಟಿನ ಸಿಬಿರಿನಷ್ಟು ದಪ್ಪ. ಕತ್ತರಿಯ ತುದಿ ಆ ಕಾಲಿಗಿಂತ ದೊಡ್ಡದಿತ್ತು. ಕತ್ತರಿ ಕೆಳಗಿಟ್ಟೆ. ಕೈಕೈ ಹಿಸುಕಿಕೊಳ್ಳುತ್ತ ಕೂತೆ. ಎಮ್ಮೆಯ ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ಹಾಕಿದವನು, ಬೊಗಸೆಯಲ್ಲಿ ಹಿಡಿಯುವ ಜೀವದ ಮುಂದೆ ಏನೂ ತೋಚದೆ ಕೂತಿದ್ದೆ.

ಆಗ ಆಯಿ ಮೊದಲ ಬಾರಿಗೆ ನನ್ನನ್ನು ಡಾಕ್ಟರ್ ಅನ್ನದೆ ಕರೆದಳು.

"ನನಗ ಕಣ್ಣಿಲ್ಲ ತಮ್ಮಾ. ನೀ ನೋಡಿ ಹೇಳು, ನಾ ಬಿಡಸ್ತೇನಿ."

ನಾನು ಹೇಳುತ್ತ ಹೋದೆ. ಎಡಕ್ಕೆ, ಸ್ವಲ್ಪ ಕೆಳಗೆ, ಅಲ್ಲಿ ಗಂಟಿದೆ, ಅದು ಎಳೆಯಲ್ಲ, ಉಗುರು... ಆಕೆಯ ಬೆರಳುಗಳು ಎಳೆಯನ್ನು ಹುಡುಕಿ ಹಿಡಿದವು. ಗಂಟು ಬಿಚ್ಚಿದಂತೆ ಅದರ ಒಳಗೆ ಇನ್ನೊಂದು. ಸೂಜಿಯ ತುದಿಯಿಂದ ಒಂದೊಂದನ್ನೇ ಎಬ್ಬಿಸಿದಳು. ಬಿಸಿಲು ಗೋಡೆಯಿಂದ ನಮ್ಮ ಕಾಲ ಬಳಿಗೆ ಬಂತು. ಸೊಸೆ ಚಹಾ ತಂದಿಟ್ಟು ಹೋದಳು. ಒಂದು ಕಡೆ ಮಾತ್ರ ಎಳೆ ಚರ್ಮದೊಳಗೇ ಹೋಗಿತ್ತು. ಜಗ್ಗಿ ಹರಿದುಬಿಡಿ ಅಂದೆ. ಆಯಿ ಎರಡು ಸಲ ಜಗ್ಗಿದಳು. ಮರಿ ಕಿರುಚಿತು, ಎಳೆ ಹರಿಯಲಿಲ್ಲ.

"ಭಾಳ ಛಲೋ ಎಳಿ ತಮ್ಮಾ," ಅಂದಳು. "ಹರಿಯೂದಿಲ್ಲ ಇದು."

ಚರ್ಮದೊಳಗೆ ಹೋದ ಎಳೆಯನ್ನು ಅಲ್ಲೇ ಬಿಟ್ಟು, ಹೊರಗಿನದನ್ನು ಕತ್ತರಿಸಿ ಎರಡು ಮರಿಗಳನ್ನು ಬಿಡಿಸಿದೆವು. ಒಂದರ ಕಾಲು ಕಪ್ಪಾಗಿ ಒಣಗಿತ್ತು. ತೂತಿಗೆ ಬೇರೆ ಹುಲ್ಲು ತುಂಬಿ ಎರಡನ್ನೂ ಮತ್ತೆ ಇಟ್ಟೆ. ತಾಯಿಗುಬ್ಬಿ ಬಂದು ಒಂದೆರಡು ಸಲ ಗುಟುಕು ಕೊಟ್ಟಿತು. ಸಂಜೆಗೆ ಒಂದು ಹೋಯಿತು, ಮರುದಿನ ಇನ್ನೊಂದು. ಜೋಡಿ ಗುಬ್ಬಿಗಳು ಎರಡು ದಿನ ಸೂರಿನ ಮೇಲೆ ಒದರಾಡಿ ಆಮೇಲೆ ಕಾಣಲಿಲ್ಲ.

ಆಯಿ ನನ್ನನ್ನು ಏನೂ ಕೇಳಲಿಲ್ಲ. ಏನಾಗುವುದಿಲ್ಲ ಅಂದಿದ್ದೆಯಲ್ಲ ಎಂದು ಒಂದು ಮಾತು ಅಂದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅನ್ನಲಿಲ್ಲ. ರೇಷ್ಮೆ ಎಳೆಗಳ ಚೀಲವನ್ನು ಮಾತ್ರ ಸೊಸೆಯ ಕೈಯಲ್ಲಿ ಒಲೆಗೆ ಹಾಕಿಸಿದಳು. ಮತ್ತೆ ದಪ್ಪ ನಾರಿನ ಹಗ್ಗದಲ್ಲೇ ತೆನೆ ಕಟ್ಟಿದಳು. ಇಣಚಿಗಳು ಮೊದಲಿನಂತೆ ಬಂದವು, ತಿಂದವು. ಅವನ್ನು ಬೈಯುವುದನ್ನೂ ಆಕೆ ಬಿಟ್ಟಿದ್ದಳು. ನಾನು ಹಿತ್ತಲಿಗೆ ಹೋದಾಗಲೆಲ್ಲ ತೆನೆಯ ಮೇಲೆ ಯಾರಿದ್ದಾರೆ ನೋಡಿ ಹೇಳಿ ಅನ್ನುತ್ತಿದ್ದಳು. ಇಣಚಿ ಅನ್ನುತ್ತಿದ್ದೆ. ದಿನಾ ಅದನ್ನೇ ಹೇಳಿ ಬೇಸತ್ತು ಒಂದು ದಿನ ಗುಬ್ಬಿ ಅಂದುಬಿಟ್ಟೆ.

ಆಯಿ ಸೂರಿನ ಕಡೆ ಕಿವಿ ಕೊಟ್ಟಳು. "ಗುಬ್ಬಿ ಬಂದ್ರ ನನಗ ಕೇಳತೈತ್ರಿ" ಅಂದಳು.

ಮುಂದೆ ಕೆಲವೇ ತಿಂಗಳಿಗೆ ನನಗೆ ಹುನಗುಂದಕ್ಕೆ ವರ್ಗವಾಯಿತು. ಸಾಮಾನು ಗಾಡಿಗೆ ಏರಿಸುವ ದಿನವಾದರೂ ಹೇಳಬೇಕೆಂದು ಹಿತ್ತಲವರೆಗೂ ಹೋದೆ. ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವರ ಹಾಗೆ ಹೇಳಿಬಿಟ್ಟೆ, ನಾನು ಡಾಕ್ಟರೂ ಅಲ್ಲ ಎಂದು. ಆಯಿ ತಲೆ ಸವರಿ ಸಕ್ಕರೆ ಕೊಟ್ಟಳು. ಅದನ್ನು ಬಾಯಿಗೆ ಹಾಕಿಕೊಂಡು, ಹೇಳದೆಯೇ ಹೊರಟುಬಂದೆ. ಹುನಗುಂದವೇನು ದೂರವೇ? ಬಸ್ಸು ಹತ್ತಿದರೆ ಅರ್ಧ ತಾಸಿನ ದಾರಿ. ಇವತ್ತು ಹೋದೇನು, ನಾಳೆ ಹೋದೇನು ಅನ್ನುತ್ತ ನಿವೃತ್ತಿಯಾಗಿ ಬಾಗಲಕೋಟೆ ಸೇರಿದೆ.

ತೆನೆಯ ಕಟ್ಟು ಬಂದ ಮೂರನೆಯ ದಿನ ತಡೆಯಲಾರದೆ ಇಳಕಲ್ಲಿಗೆ ಹೋದೆ. ಹಿತ್ತಲಿನಲ್ಲಿ ಈಗ ಸಿಮೆಂಟಿನ ಖೋಲಿ, ಅದರೊಳಗೆ ಇನ್ನೆರಡು ಪವರ್‌ಲೂಮ್. ಆಯಿ ಹೋಗಿ ನಾಲ್ಕು ವರ್ಷವಾಯಿತಂತೆ. ನನಗೆ ಯಾರು ತಿಳಿಸಬೇಕು, ಯಾಕೆ ತಿಳಿಸಬೇಕು? ಸೊಸೆಗೂ ತಲೆಯೆಲ್ಲ ಬೆಳ್ಳಗಾಗಿದೆ. ಡಾಕ್ಟರ್ ಬಂದರು ಎಂದು ಕುರ್ಚಿ ಹಾಕಿದಳು. ಕೂರುವ ಮೊದಲೇ ಹೇಳಿದೆ, ನಾನು ಡಾಕ್ಟರ್ ಅಲ್ಲ, ಕಂಪೌಂಡರ್ ಇದ್ದೆ, ಆಯಿಗೆ ಅದನ್ನು ಹೇಳಬೇಕೆಂದೇ ಬಂದಿದ್ದೆ ಎಂದು.

"ಅತ್ತಿಯವ್ರಿಗೆ ಮೊದಲಿಂದ ಗೊತ್ತಿತ್ರಿ" ಅಂದಳು ಸೊಸೆ. "ಹಂಗ ಕರಸ್ಕೊಳ್ಳೂದು ನಿಮಗ ಸೇರತಿತ್ತಲ್ಲ, ಅದಕ್ಕ ಕರೀತಿದ್ರು."

ಹಾಗಾದರೆ ಗುಬ್ಬಿಯ ವಿಷಯ ನನ್ನನ್ನು ಯಾಕೆ ಕೇಳುತ್ತಿದ್ದಳು ಎಂದೆ.

"ಗುಬ್ಬಿ ಮಾತ ತಗದ್ರ ನಗಲಾರದ ಕೂತು ಕೇಳೋರು ಓಣ್ಯಾಗ ಅವರೊಬ್ರ ನೋಡು, ಅಂತಿದ್ರು."

ಚಹಾ ಬಂತು. ಒಳಗಿನ ಲೂಮಿನ ಸಪ್ಪಳಕ್ಕೆ ಕಪ್ಪು ಬಸಿಯಲ್ಲಿ ನಡುಗುತ್ತಿತ್ತು. ಎಷ್ಟೋ ವರ್ಷ ನಾನು ಅಂದುಕೊಂಡಿದ್ದು ಒಂದೇ... ಡಾಕ್ಟರ್ ಎಂದು ನಂಬಿ ಕೇಳಿದಾಕೆಗೆ ಮೋಸ ಮಾಡಿದೆ ಎಂದು. ಆಕೆ ಡಾಕ್ಟರನ್ನು ಕೇಳಿರಲೇ ಇಲ್ಲ, ನನ್ನನ್ನು ಕೇಳಿದ್ದಳು. ಗೊತ್ತಿಲ್ಲ ಆಯಿ ಅಂದಿದ್ದರೆ, ಹೌದಾ ತಮ್ಮಾ ಎಂದು ಆ ಎಳೆಗಳನ್ನು ಚೀಲಕ್ಕೆ ಹಾಕುತ್ತಿದ್ದಳು.