ನಾನು ಸಡಿಲಿಸಿದ ತಂತಿಗಳು

ಒಂದು ಒರೆಯಲ್ಲಿ ಎರಡು ಕತ್ತಿ ಇರೋದಿಲ್ಲ ಅಂತ ನಮ್ಮಿಬ್ಬರಿಗೂ ಬುದ್ಧಿ ಹೇಳಿದವರು ಬಹಳ ಮಂದಿ. ಧಾರವಾಡದಲ್ಲಿ ಗಿಟಾರ್ ಹಿಡಿದು ಒಬ್ಬನೇ ನನ್ನದೇ ಹಾಡುಗಳನ್ನು ಹಾಡುತ್ತಾ ನಾನು ಹದಿನೈದು ವರ್ಷ ಕಳೆದಿದ್ದೆ. ಮುಂದೆ ನನ್ನ ಜೊತೆಗಾರರಾದ ಅವರೂ ಹುಬ್ಬಳ್ಳಿಯಲ್ಲಿ ಹಾಗೆಯೇ. ಮಿಶನ್ ಚರ್ಚಿನ ಮನೆತನ, ಚಿಕ್ಕಂದಿನಿಂದ ಭಾನುವಾರದ ಗಾಯನ ತಂಡದಲ್ಲಿ ಪಳಗಿದ ಕಂಠ. ನನ್ನ ಕಾರ್ಯಕ್ರಮಕ್ಕೆ ಬಂದವರು ಚಪ್ಪಾಳೆ ತಟ್ಟುತ್ತಿದ್ದರು, ಅವರದಕ್ಕೆ ಬಂದವರು ಜೊತೆಗೆ ಹಾಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ.

ನಲವತ್ತು ದಾಟಿದ ಮೇಲೆ ನಾವಿಬ್ಬರೂ ಸೇರಿ ರಾಕ್ ಜೋಡಿ ಕಟ್ಟಿದೆವು. ಗಿಟಾರ್ ನನಗೆ. ಅವರು ತಮ್ಮ ಗಿಟಾರನ್ನು ಅಟ್ಟಕ್ಕೆ ಹಾಕಿ, ಡ್ರಮ್ಸ್ ಬಾರಿಸುತ್ತಾ ಹಾಡುವ ಹೊಸ ಹುಚ್ಚು ಹಚ್ಚಿಕೊಂಡರು. ಲಕಮನಹಳ್ಳಿಯಲ್ಲಿ ನನ್ನ ಷಡ್ಡಕನ ಖಾಲಿ ಶೆಡ್ಡೊಂದಿತ್ತು. ಪಕ್ಕದ ಕಾರ್ಖಾನೆಯ ಯಂತ್ರಗಳು ಭಾನುವಾರ ಮಾತ್ರ ಬಾಯಿ ಮುಚ್ಚುತ್ತಿದ್ದವು. ಭಾನುವಾರ ಬೆಳಿಗ್ಗೆಯೇ ತಾಲೀಮು ಆಗಬೇಕು ಎಂದು ಹಟ ಹಿಡಿದವನು ನಾನು. ಅವರು ಚರ್ಚಿನ ಗಾಯನ ತಂಡ ಬಿಟ್ಟು ಬಂದರು. "ದೇವರು ಲಕಮನಹಳ್ಳ್ಯಾಗೂ ಅದಾನ್ರಿ, ಬಿಡ್ರಿ" ಎಂದು ನಕ್ಕರು.

ನಮ್ಮ ನಡುವೆ ಮರ್ಯಾದೆ ಎಂಬುದೊಂದು ವಿಪರೀತ ಇತ್ತು. ಇಬ್ಬರೂ ಊರಿಗೆ ಹೆಸರಾದವರು. ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತಿ ಆಡುವುದು ಹೇಗೆ? ನನ್ನ ಬೆರಳು ತಪ್ಪಿದರೂ ಅವರು "ಛಲೋ ಆತ್ರಿ" ಅನ್ನುತ್ತಿದ್ದರು. ಅವರ ತಾಳ ಜಾರಿದರೂ ನಾನು "ಛಲೋ ಆತ್ರಿ" ಅನ್ನುತ್ತಿದ್ದೆ. ಇದನ್ನೇ ನಾವು ಧಾರವಾಡದ ಸಭ್ಯತೆ ಎಂದು ತಿಳಿದಿದ್ದೆವು.

ಮಳೆಗಾಲದ ಒಂದು ಭಾನುವಾರ, ನಮ್ಮ ಅತಿ ಮೇಲಿನ ಸ್ವರದ ಹಾಡಿನಲ್ಲಿ ಅವರ ಧ್ವನಿ ತುದಿ ಮುಟ್ಟದೆ ಬಿತ್ತು. ಮರುವಾರವೂ ಬಿತ್ತು. ನಾನು ಹೇಳಲಿಲ್ಲ. ಅದರ ಮುಂದಿನ ವಾರ ಅವರು ಬರುವ ಮೊದಲೇ ಶೆಡ್ಡಿಗೆ ಹೋಗಿ, ಖುಂಟಿಗಳನ್ನು ತಿರುವಿ ನನ್ನ ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಸಡಿಲಿಸಿ ಕೂತೆ. ಗಿಟಾರ್ ಹೇಳಿದ ಎತ್ತರಕ್ಕೆ ಹಾಡುವವರು ಅವರು. ಹಾಡು ಕೆಳಗಿಳಿದದ್ದು ಗೊತ್ತಾಗಲಿಲ್ಲ. ಸಲೀಸಾಗಿ ಹಾಡಿ, ಬೆವರು ಒರೆಸಿಕೊಂಡು, ಮಕ್ಕಳ ಹಾಗೆ ಖುಷಿಪಟ್ಟರು. ನನಗೂ ಸಮಾಧಾನವಾಯಿತು. ಎಂಥಾ ದೊಡ್ಡ ಮನಸ್ಸು ನನ್ನದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇವತ್ತು ಆ ಕೈ ಮುರಿಯಬೇಕು ಅನ್ನಿಸುತ್ತದೆ.

ದಸರೆಯ ಹೊತ್ತಿಗೆ ಇನ್ನರ್ಧ ಇಳಿಸಿದೆ. ದೀಪಾವಳಿ ಮುಗಿದ ಮೇಲೆ ಮತ್ತರ್ಧ. ಆಗ ಮಾತನಾಡುವಾಗಲೂ ಅವರ ಗಂಟಲು ಒಡಕಾಗಿತ್ತು. "ದವಾಖಾನಿಗೆ ತೋರಸ್ರಿ" ಅಂದೆ, ಮೆಲ್ಲಗೆ, ಮರ್ಯಾದೆಯಿಂದ.

"ಥಂಡಿ ಹತ್ತೈತ್ರಿ, ಅಷ್ಟ. ಮ್ಯಾಲಿನ ಸ್ವರ ಇನ್ನೂ ಮುಟ್ಟಾಕತ್ತೇನಿ. ಧ್ವನಿ ಕೆಟ್ಟಿದ್ರ ಮುಟ್ಟತಿತ್ತೇನ್ರಿ?"

ಆಗಲಾದರೂ ಹೇಳಬಹುದಿತ್ತು. ನಾನು ತಲೆಯಾಡಿಸಿದೆ.

ಕ್ರಿಸ್‌ಮಸ್ ಆರಾಧನೆಯಲ್ಲಿ ಪ್ರತಿ ವರ್ಷ ಒಂದು ಹಾಡು ಅವರದೇ. ತಂಡ ಬಿಟ್ಟರೂ ಅದೊಂದನ್ನು ಬಿಟ್ಟಿರಲಿಲ್ಲ. ನನ್ನನ್ನೂ ಕರೆದಿದ್ದರು, ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಚರ್ಚಿನ ಹಳೆಯ ಪಿಯಾನೋ ಶುರುವಾಯಿತು. ಅದು ಯಾರ ಮುಲಾಜಿಗೂ ಸ್ವರ ಇಳಿಸುವುದಿಲ್ಲ. ಎರಡನೆಯ ಸಾಲಿಗೆ ಅವರ ಧ್ವನಿ ಸೀಳಿತು. ಇನ್ನೊಮ್ಮೆ ಪ್ರಯತ್ನಿಸಿದರು. ಬರೀ ಗಾಳಿ ಬಂತು. ಪಿಯಾನೋ ಕಡೆ ತಿರುಗಿ, ತಪ್ಪು ಅದರದೇ ಎಂಬಂತೆ ನೋಡಿದರು. ಆಮೇಲೆ ಸಭೆಯವರೇ ಎದ್ದು ನಿಂತು ಆ ಹಾಡನ್ನು ಮುಗಿಸಿದರು.

ಸತ್ತೂರಿನ ದವಾಖಾನೆಯಲ್ಲಿ ಪರೀಕ್ಷೆಗಳಾದವು. ಗಂಟಲಲ್ಲಿ ಗಡ್ಡೆ, ಕ್ಯಾನ್ಸರ್. ಮಳೆಗಾಲದಲ್ಲೇ ಬಂದಿದ್ದರೆ ಧ್ವನಿಪೆಟ್ಟಿಗೆ ಉಳಿಸಿಕೊಳ್ಳುವ ದಾರಿ ಇರುತ್ತಿತ್ತು ಎಂದರು ಡಾಕ್ಟರು. ಈಗ ಪೂರ್ತಿ ತೆಗೆಯಬೇಕು. ಅವರ ಹೆಂಡತಿ ನನ್ನನ್ನು ಕೇಳಿದರು, "ವಾರಾವಾರ ನೀವು ಅವರ ಬಾಜೂಕನ ಇದ್ರಿ. ನಿಮಗೂ ತಿಳೀಲಿಲ್ಲೇನ್ರಿ, ಅಣ್ಣಾರ?" ತಿಳಿಯಲಿಲ್ಲ ಅಂದೆ.

ಜೀವ ಉಳಿಯಿತು. ಒಂದೂವರೆ ತಿಂಗಳ ನಂತರ ಅವರ ಮನೆಗೆ ಹೋದಾಗ ಕುತ್ತಿಗೆಗೆ ಬಿಳಿ ಬಟ್ಟೆ, ಕೈಯಲ್ಲಿ ನೋಟ್‌ಬುಕ್. ಅಟ್ಟದಿಂದ ತಮ್ಮ ಗಿಟಾರ್ ಇಳಿಸಿ, ಫೋನು ನೋಡಿಕೊಂಡು ಶ್ರುತಿ ಮಾಡಿದ್ದರು. ನೀವೂ ಗಿಟಾರ್ ತನ್ನಿ ಎಂದು ಅವರೇ ಮೆಸೇಜು ಹಾಕಿದ್ದರಿಂದ ನಾನೂ ಒಯ್ದಿದ್ದೆ. ಶೆಡ್ಡಿನಿಂದ ತಂದದ್ದು, ಅದೇ ಸಡಿಲ ತಂತಿಗಳು. ಸರಿಮಾಡುವ ನೆನಪೇ ಆಗಿರಲಿಲ್ಲ. ಅವರು ತಮ್ಮದನ್ನು ಒಮ್ಮೆ ಮೀಟಿದರು. ಕೈಚಾಚಿ ನನ್ನದನ್ನು ಮೀಟಿದರು. ಮತ್ತೆ ತಮ್ಮದು, ಮತ್ತೆ ನನ್ನದು. ಕಿವಿಗೆ ಏನೂ ಆಗಿರಲಿಲ್ಲ ಅವರಿಗೆ.

ನೋಟ್‌ಬುಕ್ಕಿನಲ್ಲಿ ಬರೆದರು: "ಯಾವಾಗಿಂದ?"

"ಮಳಿಗಾಲದಿಂದ್ರಿ" ಅಂದೆ.

ಬಹಳ ಹೊತ್ತು ಏನೋ ಬರೆದು, ಹೊಡೆದುಹಾಕಿ, ಕೆಳಗೆ ಇಷ್ಟೇ ಬರೆದು ನನ್ನ ಕಡೆ ತಿರುಗಿಸಿದರು: "ಹೇಳಬೇಕಿತ್ತಲ್ಲೋ ದೋಸ್ತಾ."

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅದನ್ನು ನಾನು ಓದಬೇಕಾಯಿತು.